ಎಡಗಾಲಿನ ತೊಡರು

ವಿಜಯನಗರದ ಕೃಷ್ಣದೇವರಾಯನು ಒಮ್ಮೆ ತುಂಬಿದ ಸಭೆಗೆ ಬಂಗಾರದ ತಟ್ಟೆಯೊಂದನ್ನು ತರಿಸಿದನಂತೆ. ತಟ್ಟೆಯಲ್ಲಿದ್ದುದು ರತ್ನಖಚಿತವಾದ ಗಂಡಪೆಂಡಾರ. ಸಂಸ್ಕೃತ ಮತ್ತು ತೆಲುಗು ಎರಡರಲ್ಲಿಯೂ ಸಮನಾಗಿ ಕವಿತೆ ಹೇಳಬಲ್ಲವರು ಮುಂದೆ ಬಂದು ಅದನ್ನು ತೊಡಬಹುದೆಂದು ಅರಸನು ಸಾರಿದಾಗ ಕವಿಗಳೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರಂತೆ. ಕಡೆಗೆ ಅಲ್ಲಸಾನಿ ಪೆದ್ದನನು ಎದ್ದು ನಿಂತು ಉಭಯಭಾಷೆಗಳಲ್ಲಿ ಆಶುಕವಿತೆಯ ಧಾರೆಯನ್ನೇ ಹರಿಸಲು, ಮೆಚ್ಚಿದ ರಾಯನು ಸಿಂಹಾಸನದಿಂದಿಳಿದು ಬಂದು ತನ್ನ ಕೈಯಿಂದಲೇ ಅದನ್ನು ಕವಿಯ ಕಾಲಿಗೆ ತೊಡಿಸಿದನೆಂಬುದು ಐತಿಹ್ಯ.

ಕಥೆ ಸೊಗಸಾಗಿದೆ. ಅರಸನು ಕವಿಯ ಪಾದವನ್ನು ಮುಟ್ಟಿದನೆಂಬ ಮಾತಿನಲ್ಲಿ ಕವಿಕುಲಕ್ಕೆಲ್ಲ ಎಂತಹ ಸಮಾಧಾನವಿದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಂಡಪೆಂಡಾರವು ಹುಟ್ಟಿದ್ದು ಕವಿಗಳಿಗಾಗಿ ಅಲ್ಲ. ಕೃಷ್ಣದೇವರಾಯನು 1509ರಲ್ಲಿ ಪಟ್ಟವೇರುವುದಕ್ಕೆ ಶತಮಾನಗಳ ಹಿಂದೆಯೇ ಕನ್ನಡ ನಾಡಿನ ದಂಡನಾಯಕರೂ ಲೆಂಕರೂ ಈ ಆಭರಣವನ್ನು ಬಲ್ಲವರಾಗಿದ್ದರು. ಅದರ ಬೆಲೆಯನ್ನು ಅವರು ತೆತ್ತ ಬಗೆಯೂ ಬೇರೆಯಾಗಿತ್ತು. ಆ ಬೆಲೆ ಎಂತಹುದೆಂಬುದನ್ನು ಅರಿಯಬೇಕಾದರೆ ಹಂಪೆಗೆ ಹೋಗುವುದಕ್ಕಿಂತ ಹಾಸನಕ್ಕೆ ಬರುವುದು ಲೇಸು. ಹಾಸನ ಪಟ್ಟಣದಿಂದ ದಿಕ್ಕುದಿಕ್ಕಿಗೆ ಕವಲೊಡೆಯುವ ರಸ್ತೆಗಳ ಇಕ್ಕೆಲಗಳಲ್ಲಿ ಅರಸರು ಕೊಟ್ಟ ಮನ್ನಣೆಗಳ ಕಥೆ ಕಲ್ಲಿನಲ್ಲಿ ಹರಡಿಕೊಂಡಿದೆ.

ಮೊದಲು ಪದವನ್ನೇ ನೋಡೋಣ. ‘ಗಂಡ’ ಎಂದರೆ ಇಲ್ಲಿ ಪತಿಯಲ್ಲ, ವೀರ. ಹೊಯ್ಸಳ ಅರಸರು ಶಾಸನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡ ‘ಮಲೆಪರೊಳ್ ಗಂಡ’ ಎಂಬ ಬಿರುದಿನಲ್ಲಿರುವ ಗಂಡನೇ ಇವನು. ಮಲೆಯ ನಾಯಕರ ನಡುವೆ ಗಂಡುಗಲಿ ಎಂದು ಅರ್ಥ. ‘ಪೆಂಡಾರ’ ಅಥವಾ ‘ಪೆಂಡೆಯ’ವೆಂದರೆ ಕಾಲಿನ ಕಡಗ. ಅಂತು ವೀರನ ಕಾಲಿನ ಕಡಗವೇ ಗಂಡಪೆಂಡಾರ. ಅದನ್ನು ತೊಡುವುದು ಎಡಗಾಲಿಗೆ. ಇದೇ ಬಗೆಯ ಆಭರಣಕ್ಕೆ ಹಳಗನ್ನಡದಲ್ಲಿ ಇನ್ನೊಂದು ಹೆಸರೂ ಉಂಟು: ತೊಡರ್. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕನ್ನಡಿಗರು ಇಂದಿಗೂ ‘ತೊಡರಿಕೊಂಡಿತು’, ‘ಕಾಲಿಗೆ ತೊಡರಿತು’ ಎನ್ನುವುದು ಸಿಕ್ಕಿಹಾಕಿಕೊಂಡಿತು ಎಂಬ ಅರ್ಥದಲ್ಲಿ. ತೊಡರೆಂದರೆ ಸಂಕೋಲೆ, ತೊಡಕು. ತೊಡರೆಂದರೆ ವೀರನ ಪಾದಭೂಷಣವೂ ಹೌದು. ನಮ್ಮ ಪೂರ್ವಿಕರು ಒಂದೇ ಮಾತನ್ನು ಎರಡಕ್ಕೂ ಬಳಸಿದ್ದು ಪದದಾರಿದ್ರ್ಯದಿಂದ ಎಂದು ಹೇಳುವಂತಿಲ್ಲ.

ಹಾಸನದಿಂದ ದಕ್ಷಿಣಕ್ಕೆ ಹೋದರೆ ಅರಕಲಗೂಡು. ಹಿಂದೆ ಈ ಸೀಮೆಯೂ, ಅದಕ್ಕೆ ಹೊಂದಿಕೊಂಡ ಕೊಡಗಿನ ಏಳುಸಾವಿರ ಸೀಮೆಯೂ ಕೊಂಗಾಳ್ವರೆಂಬ ಅರಸುಮನೆತನದ ಆಳಿಕೆಯಲ್ಲಿದ್ದುವು. ಆ ಮನೆತನವು ಹುಟ್ಟಿದ್ದೇ ಒಂದು ಬಿರುದಿನಿಂದ. ಹನ್ನೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ, ಸುಮಾರು 1004ರ ವೇಳೆಗೆ, ಚೋಳರ ದಂಡು ಕಾವೇರಿಯ ದಡದ ಪನಸೋಗೆಯಲ್ಲಿ ಚಂಗಾಳ್ವರನ್ನು ಇದಿರಿಸಿತು. ಇಂದಿನ ಕೃಷ್ಣರಾಜನಗರ ಸೀಮೆಯ ಹನಸೋಗೆಯೇ ಆ ಪನಸೋಗೆ. ಚೋಳರ ಕಡೆ ಕಾದಿದವರಲ್ಲಿ ಮನಿಜನೆಂಬ ವೀರನೊಬ್ಬನಿದ್ದನು. ಅವನು ಹಿಮ್ಮೆಟ್ಟದೆ ಹೋರಾಡಿದ ಸುದ್ದಿ ದೂರದ ತಂಜಾವೂರಿನ ರಾಜರಾಜ ಚೋಳನ ಕಿವಿಗೆ ಬಿತ್ತು. ಅವನಿಗೆ ಪಟ್ಟ ಕಟ್ಟಿ, ನಾಡೊಂದನ್ನು ಕೊಡಬೇಕೆಂದು ರಾಜರಾಜನು ತನ್ನ ದಂಡನಾಥ ಪಂಚವನ್ ಮಹಾರಾಯನಿಗೆ ಅಪ್ಪಣೆ ಮಾಡಿದನು. ಅದರಂತೆ ಮನಿಜನಿಗೆ ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಹೆಸರೂ, ಇಂದಿನ ಸೋಮವಾರಪೇಟೆಯ ಕಡೆಯ ಮಾಲಂಬಿಯೂ ದೊರೆತುವು.

ಪಟ್ಟವೆಂದರೆ ನೊಸಲಿಗೆ ಕಟ್ಟುವ ಹೊನ್ನಿನ ಪಟ್ಟಿ. ಕಾಲಿಗೆ ಪೆಂಡಾರ, ಹಣೆಗೆ ಪಟ್ಟ: ಅಡಿಯಿಂದ ಮುಡಿಯವರೆಗೆ ಅರಸನ ಮುದ್ರೆ ಬೀಳುವಂತೆ ನಮ್ಮ ಹಿರಿಯರು ಏರ್ಪಾಡು ಮಾಡಿಕೊಂಡಿದ್ದರು. ಮನಿಜನಿಗೆ ಸಂದ ಮನ್ನಣೆಯಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ‘ಕ್ಷತ್ರಿಯಶಿಖಾಮಣಿ’ ಎಂಬುದು ರಾಜರಾಜನದೇ ಬಿರುದುಗಳಲ್ಲೊಂದು. ದೊರೆಯು ಸೇವಕನಿಗೆ ತನ್ನ ತಲೆಯ ಮೇಲಿನ ಮಣಿಯನ್ನೇ ತೆಗೆದು ಕೊಟ್ಟಂತಾಯಿತು. ಕೊಟ್ಟದ್ದು ಉದಾರವಾಗಿಯೇ ಹೌದು. ಆದರೆ ಪಡೆದವನು ತನ್ನ ಹೆಸರನ್ನು ಕರೆದಾಗಲೆಲ್ಲ ದೊರೆಯ ಹೆಸರನ್ನೂ ಕರೆಯಬೇಕಾಯಿತು. ಮುಂದಿನ ಕೊಂಗಾಳ್ವರು ‘ರಾಜೇಂದ್ರಚೋಳ’ ಎಂಬ ಹೆಸರನ್ನೇ ಹೊತ್ತು ಮೆರೆದರು. ಅರಕಲಗೂಡಿನ ಕಡೆಯ ಶಾಸನಗಳನ್ನು ಓದುವ ಹೊಸಬನಿಗೆ ಇವರು ತಮಿಳು ದೊರೆಗಳೇ ಇರಬೇಕೆಂಬ ಭ್ರಾಂತಿಯುಂಟಾಗುವುದು ಸಹಜ. ಚೋಳರ ಪರವಾಗಿ ಮಲೆನಾಡಿನ ಅಂಚಿನಲ್ಲಿ ಕಾವಲು ನಿಂತು, ಆಗ ತಾನೇ ತಲೆಯೆತ್ತುತ್ತಿದ್ದ ಹೊಯ್ಸಳ ನೃಪಕಾಮನೊಡನೆ ಅವರು ಕಾದಿದರು. ಆದರೆ ವಿಷ್ಣುವರ್ಧನನು 1116ರಲ್ಲಿ ತಲಕಾಡನ್ನು ಗೆದ್ದು ಚೋಳರನ್ನು ಈ ನಾಡಿನಿಂದ ಹೊರಡಿಸಿದ ಮೇಲೆ ಕೊಂಗಾಳ್ವರು ಹೊಯ್ಸಳರಿಗೆ ತಲೆಬಾಗಿದರು. ಹಣೆಗೆ ಕಟ್ಟಿದ ಪಟ್ಟ ಒಂದು ದೊರೆಯದು, ಬಾಗಿದ್ದು ಇನ್ನೊಂದು ದೊರೆಗೆ. ಅವರನ್ನು ಹಳಿಯುವುದು ಸುಲಭ. ಆದರೆ ನೂರು ವರ್ಷ ಕಳೆದ ಮೇಲೆ ಒಂದು ಬಿರುದಿನ ಋಣ ಎಷ್ಟು ಉಳಿದಿರುತ್ತದೆಂಬ ಲೆಕ್ಕವನ್ನು ಹೇಳುವವರು ಯಾರು?

ಅರಸನು ‘ಬೇಡು, ಕೊಡುತ್ತೇನೆ’ ಎಂದಾಗ ಮಣಿಯನ್ನೂ ಬೇಡದೆ ಮನ್ನೆಯವನ್ನೂ ಬೇಡದೆ ನಾಯಿಯೊಂದನ್ನು ಬೇಡಿದ ವೀರನೊಬ್ಬನ ಕಥೆಯನ್ನು ಇಲ್ಲಿ ನೆನೆಯದಿರಲಾಗದು. ಇದು ಹಾಸನದ್ದಲ್ಲ, ನೆರೆಯ ಮಂಡ್ಯದ್ದು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನ ನೆರವಿನಿಂದ ಚೋಳರನ್ನು ಗೆದ್ದನು. ಆ ಕಾಳಗದಲ್ಲಿ ಬೂತುಗನ ಭಟನಾದ ಮಣಲೇರನು ತೋರಿದ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯು ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹಂದಿಯೊಡನೆ ತಾನೂ ಸತ್ತಿತು. ಮಣಲೇರನು ಅದಕ್ಕೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ಟನು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಬೂತುಗನು ಮಣಲೇರನಿಗೆ ‘ಬಾಳ್ಗಳ್ಚು’ ಎಂದು ಆತಕೂರನ್ನೂ ಕೊಟ್ಟನೆಂದು ಅದೇ ಕಲ್ಲು ಹೇಳುತ್ತದೆ. ಬಾಳೆಂದರೆ ಕತ್ತಿ; ಕತ್ತಿಯನ್ನು ತೊಳೆದು ಕೊಡುವ ದತ್ತಿಯೇ ಬಾಳ್ಗಳ್ಚು. ಕತ್ತಿಯಿಂದ ತೊಳೆದು ಹೋದದ್ದು ಯಾರ ನೆತ್ತರೆಂದು ಶಾಸನಕಾರನು ಯೋಚಿಸಿರಲಾರ.

ಹಾಸನದ ಆಗ್ನೇಯಕ್ಕೆ ಹೊಳೆನರಸೀಪುರ, ಪೂರ್ವಕ್ಕೆ ಚನ್ನರಾಯಪಟ್ಟಣ. ಈ ಎರಡು ಊರುಗಳನ್ನು ಕೂಡಿಸುವ ಒಂದು ಕೊಡುಗೆಯ ಕಥೆಯನ್ನು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಚನ್ನರಾಯಪಟ್ಟಣಕ್ಕೆ ಮೊದಲಿದ್ದ ಹೆಸರು ಕೊಳತೂರು. ಸುಮಾರು 1600ರಲ್ಲಿ ಹೊಳೆನರಸೀಪುರದ ಪಾಳೆಯಗಾರನಾದ ಲಕ್ಷ್ಮಪ್ಪ ನಾಯಕನು ಅದನ್ನು ಹಿಡಿದು ತನ್ನ ಮಗನಿಗೆ ಕೊಟ್ಟನು. ಚನ್ನರಾಯಸ್ವಾಮಿಯ ಅನುಗ್ರಹದಿಂದ ಹುಟ್ಟಿದ ಮಗು ಎಂಬ ನಂಬಿಕೆಯಿಂದ ಊರಿಗೂ ಸ್ವಾಮಿಯ ಹೆಸರೇ ಬಂದಿತು. ಕಾಳಗವಿಲ್ಲ, ಕವಿತೆಯಿಲ್ಲ, ಹುಟ್ಟಿದ್ದೇ ಯೋಗ್ಯತೆ. ಬೇಲೂರಿನ ನಾಯಕರಂತೂ ‘ಬಿರುದಸಪ್ತಾಂಗಹರಣ’ ಎಂದು ಹೊಗಳಿಸಿಕೊಳ್ಳುತ್ತಿದ್ದರು. ಬಿರುದುಳ್ಳವರ ರಾಜ್ಯಾಂಗಗಳೇಳನ್ನೂ ಕಸಿದುಕೊಳ್ಳುವವನೆಂದು ತಾತ್ಪರ್ಯ. ಇತರರ ಬಿರುದನ್ನು ಅಳಿಸುವುದೇ ಒಂದು ಬಿರುದಾಗುವಷ್ಟರ ಮಟ್ಟಿಗೆ ಈ ಸಂಪತ್ತು ಅಗ್ಗವಾಗಿತ್ತೆಂದು ತೋರುತ್ತದೆ.

ಅಳಿಸುವ ಮಾತು ಬಂದಾಗ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನು ದಾಟಿ ಹೋಗುವಂತಿಲ್ಲ. ದೊಡ್ಡಬೆಟ್ಟವನ್ನು ಹತ್ತುವ ಯಾತ್ರಿಕರು ಗೊಮ್ಮಟನನ್ನು ಕಾಣುವ ಮುನ್ನ ತ್ಯಾಗದ ಬ್ರಹ್ಮದೇವರ ಕಂಬದ ಬಳಿ ದಣಿವಾರಿಸಿಕೊಳ್ಳುವುದುಂಟು. ಬಳ್ಳಿಯ ಸುರುಳಿಗಳ ಆ ಕೆತ್ತನೆಯನ್ನು ಮೆಚ್ಚದವರಿಲ್ಲ. ಕಂಬದ ಬುಡವನ್ನು ಸುತ್ತಿ ನೋಡುವವರು ಮಾತ್ರ ವಿರಳ. ಅಲ್ಲಿ ಗಂಗ ರಾಚಮಲ್ಲನ ಮಂತ್ರಿಯೂ ದಂಡನಾಯಕನೂ ಗೊಮ್ಮಟನನ್ನು ನಿಲ್ಲಿಸಿದವನೂ ಆದ ಚಾವುಂಡರಾಯನ ಸಾಹಸಗಳನ್ನು ಬರೆಯಿಸಲಾಗಿತ್ತು.

ಚಾವುಂಡರಾಯನಷ್ಟು ಬಿರುದುಗಳನ್ನು ದುಡಿದು ಗಳಿಸಿದವನು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಅವನು 978ರಲ್ಲಿ ಬರೆದು ಮುಗಿಸಿದ ಪುರಾಣದಲ್ಲಿ ಒಂದೊಂದು ಬಿರುದು ಯಾವ ಕಾಳಗದಿಂದ ಬಂದಿತೆಂಬುದನ್ನು ಲೆಕ್ಕದ ಪುಸ್ತಕದಂತೆ ಹೇಳಿದೆ. ಖೇಡಗದ ಕಾಳಗದಲ್ಲಿ ವಜ್ವಳದೇವನನ್ನು ಗೆದ್ದುದಕ್ಕೆ ಸಮರಧುರಂಧರ. ಗೋನೂರ ಬಯಲಿನಲ್ಲಿ ನೊಳಂಬರೊಡನೆ ಕಾದಿದುದಕ್ಕೆ ವೀರಮಾರ್ತಂಡ. ಉಚ್ಚಂಗಿಯ ಕೋಟೆಯ ಹೋರಾಟಕ್ಕೆ ರಣರಂಗಸಿಂಗ. ಇವುಗಳ ಜೊತೆಗೆ ನಗೆಯಾಟಕ್ಕೂ ಸುಳ್ಳಾಡದವನೆಂದು ಸತ್ಯಯುಧಿಷ್ಠಿರನೆಂಬ ಹೆಸರೂ ಸೇರಿದೆ. ‘ರಾಯ’ ಎಂಬುದು ಸಹ ರಾಚಮಲ್ಲನು ಅವನ ಔದಾರ್ಯಕ್ಕೆ ಮೆಚ್ಚಿ ಕೊಟ್ಟ ಬಿರುದೇ ಎಂದು ಪರಂಪರೆಯು ಹೇಳುತ್ತದೆ. ಇಷ್ಟೆಲ್ಲ ಕೀರ್ತಿಯನ್ನು ಹೊತ್ತ ಶಾಸನಕ್ಕೆ ಸುಮಾರು 1200ರಲ್ಲಿ ಒದಗಿದ ಗತಿಯೇನು? ಹೆಗ್ಗಡೆ ಕಣ್ಣನೆಂಬವನು ಕಂಬದ ಮೂರು ಮುಖಗಳ ಬರಹವನ್ನು ಉಳಿಯಿಂದ ಹೊಡೆಸಿ ತೆಗೆಯಿಸಿ, ಆ ಜಾಗದಲ್ಲಿ ತನ್ನದೊಂದು ಶಾಸನವನ್ನು ಕೆತ್ತಿಸಿದನು. ತಾನು ಯಕ್ಷನ ವಿಗ್ರಹವನ್ನು ಮಾಡಿಸಿದೆನೆಂಬುದು ಅವನ ಸಮಾಚಾರ. ಅದರ ಪ್ರಮಾಣ ಎರಡೂವರೆ ಸಾಲು. ಎರಡೂವರೆ ಸಾಲಿಗೆ ಮೂರು ಮುಖಗಳೇತಕ್ಕೆ ಬೇಕಾಗಿದ್ದುವೋ! ಅದೃಷ್ಟವಶಾತ್ ಉತ್ತರದ ಮುಖವೊಂದು ಉಳಿದಿದೆ. ಗೊಮ್ಮಟನ ನಿರ್ಮಾಣದ ಖಚಿತ ವೃತ್ತಾಂತವು ಆ ಮೂರು ಮುಖಗಳ ಮೇಲೆಯೇ ಇದ್ದಿರಬಹುದೆಂದು ವಿದ್ವಾಂಸರು ಇಂದಿಗೂ ಕೈಕೈ ಹಿಸುಕಿಕೊಳ್ಳುತ್ತಾರೆ.

ಇನ್ನು ಹಾಸನದಿಂದ ವಾಯವ್ಯಕ್ಕೆ ಹೊರಡಬೇಕು. ಇಪ್ಪತ್ತು ಮೈಲಿಯೊಳಗೆ ಹಳೇಬೀಡು, ಹಿಂದಿನ ದೋರಸಮುದ್ರ. ಹೊಯ್ಸಳೇಶ್ವರನ ಗುಡಿಯ ಗೋಡೆಗಳ ಮೇಲಿನ ಆನೆ, ಕುದುರೆ, ಹಂಸಗಳ ಸಾಲನ್ನು ನೋಡುತ್ತ ದಕ್ಷಿಣಕ್ಕೆ ಬಂದವರಿಗೆ ಅಂಗಳದಲ್ಲಿ ಕಂಬವೊಂದು ಕಾಣುತ್ತದೆ. ಮೇಲಿನ ಭಾಗ ಉಳಿದಿಲ್ಲ. ಶಿಲಾಬಾಲಿಕೆಯರ ಸೊಬಗನ್ನು ಕಂಡ ಕಣ್ಣಿಗೆ ಆ ಕಂಬದಲ್ಲಿ ವಿಶೇಷವೇನೂ ತೋರದು. ಹತ್ತಿರ ಹೋದರೆ ಅದರ ಸುತ್ತ ಪುಟ್ಟ ಪುಟ್ಟ ವೀರರ ಬಿಂಬಗಳಿವೆ. ಅವರ ಕೈಯಲ್ಲಿ ಕತ್ತಿಯುಂಟು, ಆದರೆ ಎದುರಿಗೆ ಶತ್ರುವಿಲ್ಲ. ಕತ್ತಿಯು ತಿರುಗಿರುವುದು ತಮ್ಮ ಮೇಲೆಯೇ. ತಮ್ಮ ಕೈಯಿಂದ ತಮ್ಮ ತಲೆಯನ್ನು ಕೊಯ್ದುಕೊಳ್ಳುತ್ತಿರುವವರ ಪ್ರತಿಮೆಗಳು ಅವು.

ಈ ಕಂಬವು ಕುವರ ಲಕ್ಷ್ಮನದು. ಇಮ್ಮಡಿ ವೀರಬಲ್ಲಾಳನು 1173ರಿಂದ 1220ರವರೆಗೆ ಆಳಿದ ಮಹಾಪ್ರತಾಪಿ; ಹೊಯ್ಸಳರಲ್ಲಿ ಸ್ವತಂತ್ರ ಚಕ್ರವರ್ತಿಯ ಪದವಿಯನ್ನು ಧರಿಸಿದವನು. ಅವನ ದಂಡನಾಯಕನೂ ಆಪ್ತನೂ ಆಗಿದ್ದವನು ಲಕ್ಷ್ಮ. ‘ಕುವರ’ ಎಂಬ ಹೆಸರೇ ಅರಸನಿಗೆ ಅವನ ಮೇಲೆ ಮಗನ ಮೇಲಿನಂಥ ಮಮತೆಯಿತ್ತೆಂಬುದನ್ನು ಸೂಚಿಸುತ್ತದೆ. ಕಂಬದ ಶಾಸನವು ಆಳಿಗೂ ಅರಸನಿಗೂ ಭೇದವಿರಲಿಲ್ಲವೆಂದೂ, ರಾಜಚಿಹ್ನೆಗಳು ಇಬ್ಬರಲ್ಲಿಯೂ ಸಮನಾಗಿದ್ದುವೆಂದೂ ಹೇಳುತ್ತದೆ. ಇಂತಹ ಮನ್ನಣೆಗೆ ಪ್ರತಿಯಾಗಿ ಲಕ್ಷ್ಮನು ಎಡಗಾಲಿಗೆ ತೊಡರನ್ನು ಧರಿಸಿದನು. ಅರಸನು ಬದುಕಿರುವಷ್ಟು ದಿನ ತಾನು ಬದುಕುವುದು, ಅರಸನು ಸತ್ತ ದಿನ ತಾನು ಸಾಯುವುದು ಎಂಬ ಪ್ರತಿಜ್ಞೆಯ ಗುರುತು ಅದು. ಇದನ್ನು ವೇಳೆವಾಳಿಯೆನ್ನುತ್ತಿದ್ದರು, ವ್ರತ ಹಿಡಿದವರನ್ನು ಗರುಡರೆನ್ನುತ್ತಿದ್ದರು. ವಿಷ್ಣುವಿಗೆ ಗರುಡನು ಹೇಗೋ ಹಾಗೆ ಅರಸನಿಗೆ ಇವರು.

ಲಕ್ಷ್ಮನು ಒಬ್ಬನೇ ಆಗಿದ್ದರೆ ಇದು ಒಬ್ಬ ಸ್ವಾಮಿಭಕ್ತನ ಕಥೆಯಾಗಿ ಮುಗಿಯುತ್ತಿತ್ತು. ಅವನ ಹೆಂಡತಿ ಸುಗ್ಗಲದೇವಿಯೂ ಅದೇ ತೊಡರನ್ನು ತೊಟ್ಟಳು. ಸಾವಿರ ಮಂದಿ ವೀರರೂ ಅದೇ ವ್ರತವನ್ನು ಹಿಡಿದರು. 1220ರಲ್ಲಿ ಬಲ್ಲಾಳನು ತೀರಿಕೊಂಡನು. ದಂಡನಾಯಕ ಲಕ್ಷ್ಮನು ಹೆಂಡತಿಯೊಡನೆ ತನ್ನ ಸ್ವಾಮಿಭಕ್ತಿಯನ್ನು ಸಾರುವ ಕಲ್ಗಂಬವನ್ನೇರಿ, ಅಲ್ಲಿ ಲಕ್ಷ್ಮಿಯೊಡನೆಯೂ ಗರುಡನೊಡನೆಯೂ ಐಕ್ಯವಾದನೆಂದು ಶಾಸನಕವಿಯು ಕಾವ್ಯದ ಮಾತಿನಲ್ಲಿ ಹೇಳಿದ್ದಾನೆ. ಕಂಬದ ಸುತ್ತಲಿನ ಶಿಲ್ಪಿಗೆ ಕಾವ್ಯದ ಮರೆ ಬೇಕಾಗಲಿಲ್ಲ.

ಸುಗ್ಗಲದೇವಿಯ ವಿಚಾರವು ಮನಸ್ಸನ್ನು ಬಿಡದೆ ಕಾಡುತ್ತದೆ. ಗಂಡನು ಸತ್ತ ಮೇಲೆ ಚಿತೆಯೇರಿದ ಹೆಂಗಸರ ಮಾಸ್ತಿಕಲ್ಲುಗಳು ಕನ್ನಡ ನಾಡಿನಲ್ಲಿ ಊರೂರಿಗೂ ಇವೆ. ಇವಳು ಅವರ ಸಾಲಿನವಳಲ್ಲ. ಇವಳ ಪ್ರತಿಜ್ಞೆ ಗಂಡನ ಸಾವಿಗೆ ಸಂಬಂಧಿಸಿದುದಲ್ಲ, ಅರಸನ ಸಾವಿಗೆ ಸಂಬಂಧಿಸಿದುದು. ಅವಳ ಎಡಗಾಲಿನಲ್ಲಿದ್ದುದು ಮುತ್ತೈದೆಯ ಕಾಲುಂಗುರವಲ್ಲ, ವೀರನ ತೊಡರು. ಗಂಡಾಳ್ತನದ ಗುರುತು ಹೆಣ್ಣಿನ ಕಾಲನ್ನು ಸೇರಿದ ಇಂಥ ಪ್ರಸಂಗ ಬಹು ವಿರಳ. ಅದನ್ನು ಗೌರವವೆಂದು ಎಣಿಸಬೇಕೋ, ಮನೆಯ ಯಜಮಾನನ ಮಾತಿಗೆ ಮನೆಯೊಡತಿಯೂ ಸಿಕ್ಕಿಕೊಂಡಳೆಂದು ಎಣಿಸಬೇಕೋ ಶಾಸನದಿಂದ ತಿಳಿಯುವಂತಿಲ್ಲ. ಅವಳ ಮನಸ್ಸನ್ನು ಯಾರೂ ಬರೆದಿಡಲಿಲ್ಲ. ಸಾವಿರ ವೀರರ ಮನೆಗಳಲ್ಲಿ ಆ ದಿನ ಏನಾಯಿತೆಂಬುದೂ ಅಷ್ಟೆ.

ಇದು ಲಕ್ಷ್ಮನೊಬ್ಬನ ಹುಚ್ಚಾಗಿರಲಿಲ್ಲ. ಚನ್ನರಾಯಪಟ್ಟಣಕ್ಕೂ ಹೊಳೆನರಸೀಪುರಕ್ಕೂ ನೆರೆಯಾದ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಗರುಡರ ಕಂಬಗಳು ಇಂದಿಗೂ ನಿಂತಿವೆ. ಕಂಬದ ತುದಿಯಲ್ಲಿ ಆನೆ, ಆನೆಯ ಮೇಲೆ ಗರುಡ. ಅಲ್ಲಿ ಒಂದೇ ಮನೆತನದವರು ತಲೆಮಾರಿನ ಮೇಲೆ ತಲೆಮಾರಾಗಿ ಹೊಯ್ಸಳ ಅರಸರೊಡನೆ ಪ್ರಾಣ ಬಿಟ್ಟರು. ಹೆಂಡಿರೂ ಪರಿವಾರದವರೂ ಜೊತೆಗೆ ಹೋದರು. ತಂದೆಯ ಕಾಲಿನಿಂದ ಕಳಚಿದ ತೊಡರು ಮಗನ ಕಾಲಿಗೆ ಏರುತ್ತಿತ್ತು. ಹೊಲಮನೆಗಳಂತೆ ಸಾವೂ ಪಿತ್ರಾರ್ಜಿತವಾಗಿತ್ತು.

ಇದೇ ವೀರಬಲ್ಲಾಳನು ಇನ್ನೊಬ್ಬನಿಗೂ ಬಿರುದನ್ನು ಕೊಟ್ಟಿದ್ದನು. ಆ ಇನ್ನೊಬ್ಬನು ಕವಿ ಜನ್ನ, ಬಿರುದು ‘ಕವಿಚಕ್ರವರ್ತಿ’. ಜನ್ನನು 1209ರಲ್ಲಿ ಯಶೋಧರಚರಿತೆಯನ್ನು ಬರೆದನು. ಮಾರಿಗೆ ನರಬಲಿ ಕೊಡಲು ಹಿಡಿದು ತಂದ ಎಳೆಯರಿಬ್ಬರು ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಹೇಳಿ ಅರಸನ ಕತ್ತಿಯನ್ನು ಕೆಳಗಿಳಿಸುವ ಕಾವ್ಯವದು. ನಿಜವಾದ ಕೋಳಿಯನ್ನು ಕೊಲ್ಲಲೊಲ್ಲದೆ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೇ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ನವೆದರೆಂಬುದು ಅದರ ಹೃದಯ. ಇಂತಹ ಕಾವ್ಯವನ್ನು ಬರೆದವನು ಓಡಾಡುತ್ತಿದ್ದ ಅರಮನೆಯಲ್ಲಿಯೇ ಸಾವಿರ ಜನರು ಎಡಗಾಲಿಗೆ ತೊಡರು ಕಟ್ಟಿಕೊಂಡು ಓಡಾಡುತ್ತಿದ್ದರು. ಹಿಟ್ಟಿನ ಕೋಳಿಯ ಕಥೆಯನ್ನು ಲಕ್ಷ್ಮನು ಕೇಳಿದ್ದಿರಬಹುದೆ? ಕಲ್ಪನೆಗೆ ಬಿಟ್ಟ ವಿಷಯ. ಇಷ್ಟಂತೂ ನಿಜ: ಬಲ್ಲಾಳನು ಮಡಿದು ಹತ್ತು ವರ್ಷಗಳಾದ ಮೇಲೆ, 1230ರಲ್ಲಿ, ಜನ್ನನು ಅನಂತನಾಥಪುರಾಣವನ್ನು ಬರೆದು ಮುಗಿಸಿದನು. ಒಬ್ಬನೇ ದೊರೆ, ಮನ್ನಣೆ ಇಬ್ಬರಿಗೆ. ಕಾಲಿಗೆ ತೊಟ್ಟವನು ದೊರೆಯೊಡನೆ ಹೋದನು. ಹೆಸರಿಗೆ ತೊಟ್ಟವನು ಉಳಿದು ಇನ್ನೊಂದು ಕಾವ್ಯವನ್ನು ಕೊಟ್ಟನು.

ಕಾಲಿನ ಆಭರಣವನ್ನು ಬಿರುದಾಗಿ ಕೊಡುವುದು ಕನ್ನಡಿಗರಿಗೆ ಮಾತ್ರ ಹೊಳೆದ ಆಲೋಚನೆಯಲ್ಲ. ಇಂಗ್ಲೆಂಡಿನ ಅತ್ಯುನ್ನತ ರಾಜಗೌರವವಾದ ಗಾರ್ಟರ್ ಪದವಿಯನ್ನು ಮೂರನೆಯ ಎಡ್ವರ್ಡನು 1348ರ ಸುಮಾರಿಗೆ ಸ್ಥಾಪಿಸಿದನು. ಅದರ ಚಿಹ್ನೆಯೂ ಕಾಲಿನ ಪಟ್ಟಿಯೇ; ಅದನ್ನು ಕಟ್ಟುವುದೂ ಎಡಗಾಲಿಗೇ, ಮೊಣಕಾಲಿನ ಕೆಳಗೆ. ಲಕ್ಷ್ಮನು ಗತಿಸಿ ಆಗಲೇ ನೂರಿಪ್ಪತ್ತೆಂಟು ವರ್ಷಗಳಾಗಿದ್ದುವು. ಎರಡಕ್ಕೂ ಸಂಬಂಧ ಕಲ್ಪಿಸುವುದು ಹುಚ್ಚುಸಾಹಸವಾದೀತು. ಆದರೆ ವ್ಯತ್ಯಾಸವನ್ನು ಗಮನಿಸಬಹುದು. ಗಾರ್ಟರ್ ಪದವೀಧರನು ಸತ್ತ ಮೇಲೆ ಅವನ ಮನೆಯವರು ಪದಕವನ್ನು ದೊರೆಗೆ ಹಿಂದಿರುಗಿಸಬೇಕು. ಅಲ್ಲಿ ಮನುಷ್ಯನು ಹೋಗುತ್ತಾನೆ, ಒಡವೆ ಮರಳುತ್ತದೆ. ದೋರಸಮುದ್ರದಲ್ಲಿ ದೊರೆಯು ಸತ್ತರೆ ಮರಳಬೇಕಾದುದು ಒಡವೆಯಲ್ಲ.

ಮೈಸೂರಿನ ಒಡೆಯರ ಕಾಲಕ್ಕೆ ತೊಡರು ಕಾಲಿನಿಂದ ಇಳಿದು ಹೆಸರಿನ ಹಿಂದೆ ಸೇರಿತ್ತು. ದಸರೆಯ ಮತ್ತು ವರ್ಧಂತಿಯ ದರ್ಬಾರುಗಳಲ್ಲಿ ಪಂಡಿತರಿಗೂ ಅಧಿಕಾರಿಗಳಿಗೂ ಬಿರುದುಗಳು ಸಲ್ಲುತ್ತಿದ್ದುವು. ಬಿ. ಎಂ. ಶ್ರೀಕಂಠಯ್ಯನವರು ರಾಜಸೇವಾಸಕ್ತರಾದರು, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ರಾಜಸೇವಾಪ್ರಸಕ್ತರಾದರು. ಹೆಸರುಗಳನ್ನು ಬಿಡಿಸಿ ನೋಡಿದರೆ ಅರ್ಥ ಹಳೆಯದೇ: ಅರಸನ ಸೇವೆಯಲ್ಲಿ ಅಂಟಿಕೊಂಡವನು. ಆದರೆ ಕಾಲ ಬದಲಾಗಿತ್ತು. 1943ರಲ್ಲಿ, ತಮಗಿಂತ ಕಿರಿಯರೊಬ್ಬರಿಗೆ ಮಂತ್ರಿಪದವಿ ಸಂದಾಗ, ಮಾಸ್ತಿಯವರು ಸರ್ಕಾರದ ಕೆಲಸಕ್ಕೆ ರಾಜೀನಾಮೆಯಿತ್ತು ಮನೆಗೆ ನಡೆದರು. ರಾಜಸೇವಾಪ್ರಸಕ್ತರು ರಾಜಸೇವೆಯನ್ನು ಬಿಟ್ಟುದಕ್ಕೆ ಯಾರೂ ಕಂಬವನ್ನೇರಬೇಕಾಗಲಿಲ್ಲ. ಸಾಹಿತ್ಯಕ್ಕಂತೂ ಆ ರಾಜೀನಾಮೆಯಿಂದ ಲಾಭವೇ ಆಯಿತು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 18ನೆಯ ವಿಧಿಯು ಸೇನೆ ಮತ್ತು ವಿದ್ಯೆಯ ಪದವಿಗಳನ್ನುಳಿದು ಬೇರಾವ ಬಿರುದನ್ನೂ ಸರ್ಕಾರವು ಕೊಡಕೂಡದೆಂದು ವಿಧಿಸಿತು. ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲವೆಂದೂ, ಅವುಗಳನ್ನು ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳಬಾರದೆಂದೂ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಜನರು ಕೊಡುವ ಬಿರುದಿಗೆ ಮಾತ್ರ ಯಾವ ವಿಧಿಯ ಅಡ್ಡಿಯೂ ಇಲ್ಲ. ಅರಕ‌ಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರದಲ್ಲಿ ಹೊತ್ತ ಅ. ನ. ಕೃಷ್ಣರಾಯರನ್ನು ಓದುಗರು ‘ಕಾದಂಬರಿ ಸಾರ್ವಭೌಮ’ರೆಂದು ಕರೆದರು. ಅದಕ್ಕೆ ದರ್ಬಾರೂ ಇರಲಿಲ್ಲ, ಬಂಗಾರದ ತಟ್ಟೆಯೂ ಇರಲಿಲ್ಲ. ವಾರದ ಕಂತು ಯಾವಾಗ ಬರುವುದೆಂದು ಬಾಗಿಲಲ್ಲಿ ಕಾದು ನಿಂತ ಮನೆಮಂದಿಯೇ ಆ ಸಾರ್ವಭೌಮನ ಸಾಮ್ರಾಜ್ಯ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಸೋಮನಾಥಪುರಗಳೊಡನೆ ಹಳೇಬೀಡಿನ ಗುಡಿಯೂ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹಾಸನದಿಂದ ಹೊರಟ ಬಸ್ಸುಗಳು ಬೆಳಗಿನಿಂದ ಸಂಜೆಯವರೆಗೆ ಪ್ರವಾಸಿಗಳನ್ನು ತಂದಿಳಿಸುತ್ತವೆ. ಮಾರ್ಗದರ್ಶಿಗಳು ಗೋಡೆಯ ಮೇಲಿನ ರಾಮಾಯಣ ಭಾರತಗಳನ್ನು ಬೆರಳಿನಿಂದ ತೋರಿಸುತ್ತ ಮುಂದುವರಿಯುತ್ತಾರೆ. ಅಂಗಳದ ಕಂಬದ ಬಳಿ ಸಾಮಾನ್ಯವಾಗಿ ಗುಂಪು ನಿಲ್ಲುವುದಿಲ್ಲ. ನಿಂತು ಬಗ್ಗಿ ನೋಡುವವರಿಗೆ, ಕತ್ತಿಯನ್ನು ಕೊರಳಿಗೆ ಹಿಡಿದ ಆ ಪುಟ್ಟ ವೀರರ ನಡುವೆ ಹಳಗನ್ನಡದ ಅಕ್ಷರಗಳ ಸಾಲುಗಳು ಕಾಣುತ್ತವೆ. ಸುಗ್ಗಲದೇವಿಯ ಹೆಸರು ಅಲ್ಲಿದೆ.